ಜೇನುಗಾರನ ಗಾಳಿಯಂಗಿ

ಬರ್ಲಿನ್ನಿನ ವಸ್ತುಸಂಗ್ರಹಾಲಯವೊಂದರಲ್ಲಿ ನಾಲ್ಕೂವರೆ ಶತಮಾನಗಳಷ್ಟು ಹಳೆಯದಾದ ರೇಖಾಚಿತ್ರವೊಂದಿದೆ. ಅದನ್ನು ಬರೆದವನು ಫ್ಲಾಂಡರ್ಸ್ ಸೀಮೆಯ ಪ್ರಸಿದ್ಧ ಚಿತ್ರಕಾರ ಹಿರಿಯ ಪೀಟರ್ ಬ್ರೂಗೆಲ್. ಕಾಲ ಸುಮಾರು 1568, ಅಂದರೆ ಅವನು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ. ಚಿತ್ರದಲ್ಲಿ ಮೂವರು ಜೇನುಗಾರರಿದ್ದಾರೆ. ಮೈತುಂಬ ನಿಲುವಂಗಿ, ಅದಕ್ಕೇ ಹೊಲಿದ ಕುಲಾವಿ. ಮುಖವಿರಬೇಕಾದ ಜಾಗದಲ್ಲಿ ಮುಖವೇ ಇಲ್ಲ. ಬುಟ್ಟಿ ಹೆಣೆಯುವ ರೀತಿಯಲ್ಲೇ ಹೆಣೆದ ದುಂಡನೆಯ ತಟ್ಟೆಯೊಂದು ಕುಳಿತಿದೆ. ಕಣ್ಣು ಬಾಯಿ ಯಾವುದೂ ಕಾಣದ ಈ ಮೂವರನ್ನು ಮೊದಲ ಸಲ ನೋಡಿದವರಿಗೆ ಬೆನ್ನುಹುರಿಯಲ್ಲಿ ಸಣ್ಣಗೆ ಚಳಿ ಹುಟ್ಟಿದರೆ ಅಚ್ಚರಿಯಿಲ್ಲ. ಆದರೆ ಬ್ರೂಗೆಲ್ ಬರೆದದ್ದು ಭೂತಗಳನ್ನಲ್ಲ, ತನ್ನ ಊರಿನ ರೈತರನ್ನು. ಅಂದಿನ ಯುರೋಪಿನ ಜೇನುಗಾರ ತನ್ನ ಮುಖ ಉಳಿಸಿಕೊಳ್ಳಲು ಮಾಡಿಕೊಂಡಿದ್ದ ಏರ್ಪಾಡು ಅದು. ಜೇನುಗೂಡನ್ನು ಯಾವ ಕೈ ಹೆಣೆಯಿತೋ ಅದೇ ಕೈ ಮುಖವಾಡವನ್ನೂ ಹೆಣೆದಿದೆ.

ಈ ಬುಟ್ಟಿ ಮುಖವಾಡದ ಇಂದಿನ ವಾರಸುದಾರ ವೆಂಟಿಲೇಟೆಡ್ ಬೀ ಸೂಟ್ ಎಂದು ಕರೆಯಲಾಗುವ ಗಾಳಿಯಾಡುವ ಉಡುಪು. ಅಮೆರಿಕದ ಟೆಕ್ಸಾಸಿನಲ್ಲೋ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲೋ ನಾಲ್ಕು ಪೆಟ್ಟಿಗೆ ಜೇನು ಸಾಕುವ ಹವ್ಯಾಸಿಯೊಬ್ಬ ಮನೆಯಲ್ಲೇ ಕುಳಿತು ಇಂಟರ್‌ನೆಟ್ಟಿನಲ್ಲಿ ಅದನ್ನು ಆರಿಸುತ್ತಾನೆ, ಕಾರ್ಡಿನಿಂದ ಹಣ ಕಟ್ಟುತ್ತಾನೆ. ವಾರವೋ ಎರಡು ವಾರವೋ ಕಳೆದ ಮೇಲೆ ಸಾಗರದಾಚೆಯಿಂದ ಪೊಟ್ಟಣ ಬಂದು ಬಾಗಿಲಲ್ಲಿ ಬೀಳುತ್ತದೆ. ಇಷ್ಟೇ ಆಗಿದ್ದರೆ ಹೇಳಬೇಕಾದ ಮಾತು ಹೆಚ್ಚಿರಲಿಲ್ಲ. ಆದರೆ ಒಂದು ಅಂಗಿಯ ಹಿಂದೆ ಹುಳುವಿನ ವಿಷವಿದೆ, ಮನುಷ್ಯನ ಬೆವರಿದೆ, ಗಡಿಯಾಚೆಯ ಒಂದು ಊರಿನ ಹೊಲಿಗೆಯಿದೆ, ಸೀಮಾಸುಂಕದ ಲೆಕ್ಕವೂ ಇದೆ.

ಮನುಷ್ಯ ಜೇನಿಗೆ ಕೈಹಾಕಿದ್ದು ಬಟ್ಟೆ ತೊಡುವುದನ್ನು ಸರಿಯಾಗಿ ಕಲಿಯುವ ಮೊದಲೇ ಇರಬೇಕು. ಸ್ಪೇನಿನ ವಲೆನ್ಸಿಯ ಪ್ರಾಂತದ ಬಿಕೋರ್ಪ್ ಬಳಿಯ ಗುಹೆಯಲ್ಲಿ ಸುಮಾರು ಎಂಟು ಸಾವಿರ ವರ್ಷ ಹಿಂದಿನದೆಂದು ಅಂದಾಜಿಸಲಾದ ಚಿತ್ರವೊಂದಿದೆ. ಬಳ್ಳಿಯಂಥ ಹಗ್ಗ ಹಿಡಿದು ಬಂಡೆಯೇರಿದ ವ್ಯಕ್ತಿ, ಕೈಯಲ್ಲೊಂದು ಪಾತ್ರೆ, ಸುತ್ತ ಹಾರುವ ಹುಳುಗಳು. ಮೈಮೇಲೆ ರಕ್ಷಣೆಯ ಸುಳಿವಿಲ್ಲ. ಈಜಿಪ್ಟಿನ ಥೀಬ್ಸಿನಲ್ಲಿ ಕ್ರಿಸ್ತಪೂರ್ವ 15ನೆಯ ಶತಮಾನದ ಮಂತ್ರಿ ರೆಖ್ಮಿರೆಯ ಸಮಾಧಿಯ ಗೋಡೆಯ ಮೇಲೆ ಒಬ್ಬ ಹೊಗೆಯೆದ್ದ ಬಟ್ಟಲು ಹಿಡಿದಿದ್ದಾನೆ, ಇನ್ನೊಬ್ಬ ಎರಿ ತೆಗೆಯುತ್ತಿದ್ದಾನೆ. ಇಬ್ಬರದೂ ಬರಿಮೈ, ಸೊಂಟಕ್ಕೊಂದು ತುಂಡು ಬಟ್ಟೆ. ಅವರಿಗಿದ್ದ ರಕ್ಷಣೆಯೆಂದರೆ ಹೊಗೆ.

ಇನ್ನೊಂದು ರಕ್ಷಣೆಯನ್ನು ಹಳಬರು ನಂಬಿದ್ದರು, ಅದು ನಡತೆಯದು. ಜೇನಿನ ಬಳಿ ಹೋಗುವವನು ಶುಚಿಯಾಗಿರಬೇಕು, ಕುಡಿದಿರಬಾರದು, ಘಾಟು ಪದಾರ್ಥ ತಿಂದಿರಬಾರದು ಎಂದು ರೋಮನ್ ಲೇಖಕ ಕೊಲುಮೆಲ್ಲ ಎರಡು ಸಾವಿರ ವರ್ಷಗಳ ಹಿಂದೆಯೇ ವಿಧಿಸಿದ್ದ. 1609ರಲ್ಲಿ ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ಬಟ್ಲರ್ ಜೇನುಹುಳುಗಳ ಕುರಿತು ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಈ ಪಟ್ಟಿ ಇನ್ನಷ್ಟು ಬೆಳೆದಿದೆ. ಈರುಳ್ಳಿ ಬೆಳ್ಳುಳ್ಳಿಯ ಬಾಯಿವಾಸನೆ ಕೂಡದು, ಏದುಸಿರು ಬಿಡುತ್ತ ಬರಕೂಡದು, ಬೆವರು ನಾರಕೂಡದು, ಕೈಬೀಸಿ ಹುಳುಗಳನ್ನು ಓಡಿಸಕೂಡದು. ಶೀಲದ ವಿಚಾರದಲ್ಲಿ ಪಾದ್ರಿಯ ಮಾತನ್ನು ಹುಳುಗಳು ಎಷ್ಟರಮಟ್ಟಿಗೆ ಪಾಲಿಸುತ್ತವೆಯೋ ಹೇಳುವುದು ಕಷ್ಟ. ಉಳಿದ ಮಾತುಗಳಲ್ಲಿ ಹುರುಳಿದೆ. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್, ಪ್ರಾಣಿಯ ಮೈನಾತ, ಥಟ್ಟನೆಯ ಚಲನೆ, ಇವೆಲ್ಲ ಗೂಡು ಕಾಯುವ ಹುಳುವಿಗೆ ವೈರಿಯ ಗುರುತುಗಳು. ಕರಡಿಯಂಥ ರೋಮದ, ಗಾಢಬಣ್ಣದ ಪ್ರಾಣಿಗಳೇ ಜೇನಿನ ಬಹುಕಾಲದ ಸುಲಿಗೆಕೋರರಾದ್ದರಿಂದ ಕಪ್ಪು ಉಣ್ಣೆ ಬಟ್ಟೆ ಕಂಡರೆ ಅವು ಕೆರಳುವುದು ಹೆಚ್ಚು. ಜೇನುಗಾರನ ಉಡುಪು ಇಂದಿಗೂ ಬಹುಪಾಲು ಬಿಳಿಯಾಗಿರುವುದಕ್ಕೂ ಅದರ ಬಟ್ಟೆ ನುಣುಪಾಗಿರುವುದಕ್ಕೂ ಇದೇ ಕಾರಣ.

ಮುಳ್ಳಿನ ಕತೆ

ಉಡುಪು ಏನನ್ನು ತಡೆಯಬೇಕು ಎಂಬುದನ್ನು ಮೊದಲು ನೋಡಬೇಕು. ಕೆಲಸಗಾರ ಜೇನಿನ ಮುಳ್ಳು ಸುಮಾರು ಎರಡು ಮಿಲಿಮೀಟರ್ ಉದ್ದ. ಅದರ ತುದಿಯಲ್ಲಿ ಗರಗಸದಂತೆ ಹಿಮ್ಮುಖವಾದ ಹಲ್ಲುಗಳಿವೆ. ಮನುಷ್ಯನ ಚರ್ಮಕ್ಕೆ ಚುಚ್ಚಿದ ಮುಳ್ಳು ವಾಪಸು ಬರುವುದಿಲ್ಲ. ಹುಳು ಹಾರಲು ಹೋದಾಗ ವಿಷದ ಚೀಲದ ಸಮೇತ ಹರಿದು ಅಲ್ಲೇ ಉಳಿಯುತ್ತದೆ. ಹುಳು ಸಾಯುತ್ತದೆ, ಮುಳ್ಳು ಮಾತ್ರ ತನ್ನಷ್ಟಕ್ಕೆ ತಾನೇ ಮಿಡಿಯುತ್ತ ಒಳಗಿಳಿಯುತ್ತ ವಿಷವನ್ನು ಒತ್ತುತ್ತಲೇ ಇರುತ್ತದೆ. ಮುಳ್ಳನ್ನು ಚಿವುಟಿ ಕೀಳಬಾರದು, ಉಗುರಿನಿಂದಲೋ ಚಾಕುವಿನ ಅಂಚಿನಿಂದಲೋ ಕೆರೆದು ತೆಗೆಯಬೇಕೆಂದು ಬಹುಕಾಲ ಪುಸ್ತಕಗಳು ಹೇಳುತ್ತಿದ್ದವು. 1996ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಮೂವರು ಸಂಶೋಧಕರು ಈ ನಂಬಿಕೆಯನ್ನು ಪರೀಕ್ಷಿಸಿ ಬರೆದರು. ಹೇಗೆ ತೆಗೆದರೂ ಒಂದೇ, ಎಷ್ಟು ಬೇಗ ತೆಗೆದರು ಎಂಬುದೇ ಮುಖ್ಯ ಎಂಬುದು ಅವರು ಕಂಡುಕೊಂಡ ಸಂಗತಿ. ಸಲಕರಣೆ ಹುಡುಕುತ್ತ ಕಳೆಯುವ ಒಂದೊಂದು ಸೆಕೆಂಡಿಗೂ ಊತ ಹೆಚ್ಚುತ್ತದೆ.

ಒಂದು ಕಡಿತ ಒಂದಕ್ಕೇ ನಿಲ್ಲುವುದಿಲ್ಲ. ಮುಳ್ಳಿನ ಬುಡದಿಂದ ಹೊಮ್ಮುವ ವಾಸನೆಯೊಂದು ಗೂಡಿನ ಉಳಿದ ಕಾವಲುಗಾರರಿಗೆ ಕಹಳೆಯ ಕೂಗಿದ್ದಂತೆ. ಅದರ ಮುಖ್ಯ ರಾಸಾಯನಿಕ ಐಸೋಪೆಂಟೈಲ್ ಅಸಿಟೇಟ್ ಎಂದು 1962ರಲ್ಲಿ ಗುರುತಿಸಲಾಯಿತು. ಹಣ್ಣಾದ ಬಾಳೆಯ ಪರಿಮಳವೂ ಹೆಚ್ಚುಕಡಿಮೆ ಇದೇ. ಜೇನುಪೆಟ್ಟಿಗೆಯ ಬಳಿ ಬಾಳೆಹಣ್ಣು ತಿನ್ನಬೇಡಿ ಎಂದು ಅನುಭವಸ್ಥರು ಹೇಳುವುದು ತಮಾಷೆಗಲ್ಲ. ಬಟ್ಟೆಗೆ ಚುಚ್ಚಿದ ಮುಳ್ಳೂ ಈ ವಾಸನೆಯನ್ನು ಅಲ್ಲೇ ಬಿಟ್ಟಿರುತ್ತದೆ. ಆ ಗುರುತಿನ ಮೇಲೆಯೇ ಮತ್ತೆ ಮತ್ತೆ ಹುಳುಗಳು ಎರಗುತ್ತವೆ. ಹೊಗೆ ಕೆಲಸಮಾಡುವುದು ಇಲ್ಲಿಯೇ. ಅದು ಈ ವಾಸನೆಯನ್ನು ಮರೆಮಾಚುತ್ತದೆ, ಜತೆಗೆ ಹುಳುಗಳು ಬೆಂಕಿಯ ಭಯದಿಂದ ಹೊಟ್ಟೆತುಂಬ ಜೇನು ಹೀರಿಕೊಂಡು ಮಂದವಾಗುತ್ತವೆ.

ಆರೋಗ್ಯವಂತ ವಯಸ್ಕನ ಜೀವಕ್ಕೆ ಅಪಾಯ ತರಲು ಸಾವಿರದಷ್ಟು ಕಡಿತ ಬೇಕೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಮೈಗೆ ಒಗ್ಗದವನಿಗಾದರೋ ಒಂದೇ ಸಾಕು: ಗಂಟಲು ಬಾತು, ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಅಂಥವರಿಗೆ ಅಡ್ರಿನಲಿನ್ ಚುಚ್ಚುಮದ್ದೇ ಜೀವ ಉಳಿಸುವ ಔಷಧ. ಎಷ್ಟೇ ಬೆಲೆಬಾಳುವ ಸೂಟೂ ಅದಕ್ಕೆ ಬದಲಿಯಾಗದು ಎಂಬುದನ್ನು ಮಾರಾಟಗಾರರ ಜಾಹೀರಾತುಗಳು ಹೇಳುವುದು ಅಪರೂಪ.

ಹತ್ತೊಂಬತ್ತನೆಯ ಶತಮಾನದವರೆಗೆ ಜೇನುಗಾರ ಗೂಡಿನ ಎದುರು ಹೆಚ್ಚು ಹೊತ್ತು ನಿಲ್ಲುವ ಅಗತ್ಯವೇ ಇರಲಿಲ್ಲ. ಹುಲ್ಲಿನ ಗೂಡಾದರೆ ವರ್ಷಕ್ಕೊಮ್ಮೆ ಹುಳುಗಳನ್ನು ಗಂಧಕದ ಹೊಗೆಯಲ್ಲಿ ಕೊಂದು ಎರಿ ಕೊಯ್ಯುವುದು ಯುರೋಪಿನ ಅನೇಕ ಕಡೆ ರೂಢಿ. ಅಮೆರಿಕದ ಪಾದ್ರಿ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಒಂದು ಸಣ್ಣ ಸತ್ಯವನ್ನು ಗ್ರಹಿಸಿದ. ಗೂಡಿನೊಳಗೆ ಸುಮಾರು ಮೂರೆಂಟಾಂಶ ಅಂಗುಲದ ಸಂದು ಬಿಟ್ಟರೆ ಹುಳುಗಳು ಅದನ್ನು ಮೇಣದಿಂದಲೂ ಮುಚ್ಚುವುದಿಲ್ಲ, ಅಂಟಿನಿಂದಲೂ ಮುಚ್ಚುವುದಿಲ್ಲ, ಓಡಾಡುವ ದಾರಿಯಾಗಿ ಉಳಿಸಿಕೊಳ್ಳುತ್ತವೆ. 1852ರಲ್ಲಿ ಅವನು ಹಕ್ಕುಪತ್ರ ಪಡೆದ, ಚೌಕಟ್ಟುಗಳನ್ನು ಎತ್ತಿ ನೋಡಬಹುದಾದ ಪೆಟ್ಟಿಗೆ ಈ ಸಂದಿನ ಮೇಲೆಯೇ ನಿಂತಿದೆ. ಅಂದಿನಿಂದ ಜೇನುಗಾರನ ಬದುಕೇ ಬದಲಾಯಿತು. ಕೊಲ್ಲುವವನು ಸಾಕುವವನಾದ. ಹತ್ತು ದಿನಕ್ಕೊಮ್ಮೆ ಪೆಟ್ಟಿಗೆ ತೆರೆದು, ಒಂದೊಂದೇ ಚೌಕಟ್ಟು ಎತ್ತಿ, ರಾಣಿ ಇದೆಯೇ, ಮೊಟ್ಟೆ ಇಟ್ಟಿದೆಯೇ, ರೋಗ ತಗುಲಿದೆಯೇ ಎಂದು ನೋಡುವ ಕೆಲಸ ಬಂತು. ಅಷ್ಟು ಹೊತ್ತು ಕೆರಳಿದ ಸಾವಿರಾರು ಹುಳುಗಳ ನಡುವೆ ನಿಲ್ಲಬೇಕಾದವನಿಗೆ ಒಳ್ಳೆಯ ಹೊಗೆತಿದಿಯೂ ಒಳ್ಳೆಯ ಅಂಗಿಯೂ ಬೇಕೇ ಬೇಕಾದವು. ತಿದಿ ಒತ್ತಿ ಹೊಗೆಯೂದುವ ಡಬ್ಬವನ್ನು ಅಮೆರಿಕದ ಮೋಸೆಸ್ ಕ್ವಿನ್‌ಬಿ 1870ರ ದಶಕದಲ್ಲಿ ರೂಪಿಸಿದ. ಇಂದು ಎಲ್ಲ ದೇಶಗಳಲ್ಲೂ ಬಳಕೆಯಲ್ಲಿರುವ ಹೊಗೆತಿದಿ ಅದರ ಮರಿಮಗ.

ಉಡುಪಿನ ವಿಷಯದಲ್ಲಿ ಪ್ರಗತಿ ನಿಧಾನವಾಗಿಯೇ ನಡೆಯಿತು. ಅಗಲ ಅಂಚಿನ ಟೊಪ್ಪಿಗೆ, ಅದರಿಂದ ಇಳಿಬಿಟ್ಟ ಕಪ್ಪು ಬಲೆಯ ಪರದೆ, ಕತ್ತಿನ ಬಳಿ ಬಿಗಿಯುವ ದಾರ. ನೂರು ವರ್ಷ ಇಷ್ಟರಲ್ಲೇ ಕಳೆಯಿತು. ಇಡೀ ಉಡುಪು ಬಿಳಿಯಾದರೂ ಮುಖದ ಪರದೆ ಮಾತ್ರ ಕಪ್ಪು ಏಕೆಂದು ಕೆಲವರು ಕೇಳುವುದುಂಟು. ಬಿಳಿಯ ಬಲೆ ಬಿಸಿಲಿಗೆ ಹೊಳೆದು ಕಣ್ಣು ಕುಕ್ಕುತ್ತದೆ; ಕಪ್ಪು ಬಲೆಯ ಮೂಲಕ ಆಚೆಯದು ಸ್ಪಷ್ಟವಾಗಿ ಕಾಣುತ್ತದೆ. ಎರಿಯ ಕಣ್ಣಿನ ತಳದಲ್ಲಿರುವ, ಅಕ್ಕಿಯ ನುಚ್ಚಿಗಿಂತ ಸಣ್ಣದಾದ ಮೊಟ್ಟೆಯನ್ನು ನೋಡಬೇಕಾದವನಿಗೆ ಇದು ಸಣ್ಣ ವಿಷಯವಲ್ಲ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನ ಬಿ.ಜೆ. ಶೆರಿಫ್ ಸಂಸ್ಥೆ ಕತ್ತಿವರಸೆಯವರ ಮುಖಗವಸನ್ನು ಹೋಲುವ ಕುಲಾವಿಯನ್ನು ಅಂಗಿಗೇ ಜಿಪ್ಪಿನಿಂದ ಜೋಡಿಸಿತು. ಟೊಪ್ಪಿಗೆ ಬೇರೆ, ಪರದೆ ಬೇರೆ, ದಾರ ಬೇರೆ ಎಂಬ ರಗಳೆ ತಪ್ಪಿತು. ಇಂದು ಜಗತ್ತಿನಾದ್ಯಂತ ಕಾಣುವ ಫೆನ್ಸಿಂಗ್ ಪರದೆ ಇದೇ ಬಗೆಯದು. ಅದಕ್ಕೊಂದು ದೋಷವಿದೆ: ಬಾಗಿದಾಗ ಬಲೆ ಮೂಗಿಗೋ ಗಲ್ಲಕ್ಕೋ ತಾಗುತ್ತದೆ, ತಾಗಿದಲ್ಲಿ ಹುಳು ಚುಚ್ಚುತ್ತದೆ. ದುಂಡು ಟೊಪ್ಪಿಗೆಯ ಹಳೆಯ ಪರದೆಯನ್ನು ಅನೇಕರು ಬಿಡದಿರುವುದು ಹಟದಿಂದಲ್ಲ.

ಬೆವರು

ದಪ್ಪ ಹತ್ತಿಯ ಮೇಲಂಗಿ ಇಂಗ್ಲೆಂಡಿನ ತಂಪು ಬೇಸಿಗೆಗೆ ಸರಿ. ಆದರೆ ಜೇನಿನ ಕೆಲಸ ಬಹುಪಾಲು ಬಿಸಿಲಿನದು. ಹುಳುಗಳು ಹೊರಗೆ ಮೇಯಲು ಹೋಗಿರುವ ಬಿಸಿಲ ಹೊತ್ತಿನಲ್ಲಿ ಪೆಟ್ಟಿಗೆ ತೆರೆಯುವುದು ವಾಡಿಕೆ. ತುಂಬಿದ ಪೆಟ್ಟಿಗೆಯ ಒಂದೊಂದು ಅಂತಸ್ತೂ ಎತ್ತಲು ಭಾರ. ಮೈಗೆ ಎರಡು ಪದರ ಬಟ್ಟೆ, ಕೈಗೆ ಚರ್ಮದ ಗವಸು, ಮುಖಕ್ಕೆ ಪರದೆ, ಪಕ್ಕದಲ್ಲಿ ಹೊಗೆಯುಗುಳುವ ಡಬ್ಬ. ಹಣೆಯ ಬೆವರು ಕಣ್ಣಿಗಿಳಿದರೆ ಒರೆಸಿಕೊಳ್ಳಲು ಬಲೆ ಅಡ್ಡ. ಕನ್ನಡಕ ಹಬೆಗಟ್ಟಿದರೆ ತೆಗೆಯುವಂತಿಲ್ಲ. ಸಹಿಸಲಾರದೆ ಪರದೆ ಎತ್ತಿದ ಕ್ಷಣವೇ ಹುಬ್ಬಿನ ಮೇಲೆ ಕಡಿಸಿಕೊಂಡವರು ಪ್ರತಿಯೊಂದು ದೇಶದಲ್ಲೂ ಇದ್ದಾರೆ. ಬಿಸಿಲಾಘಾತ ಮುಳ್ಳಿಗಿಂತ ಕಡಿಮೆ ಅಪಾಯದ್ದಲ್ಲ. ಬೆವರಿಗೆ ಹೆದರಿ ಸೂಟನ್ನೇ ಬಿಟ್ಟು ಕೆಲಸಕ್ಕಿಳಿಯುವುದು ಮತ್ತೂ ಕೆಟ್ಟದ್ದು.

ಗಾಳಿಯಂಗಿಯ ಉಪಾಯ ಸರಳವಾದದ್ದು, ಆದ್ದರಿಂದಲೇ ಚೆಂದವಾದದ್ದು. ಮುಳ್ಳನ್ನು ತಡೆಯಲು ಬಟ್ಟೆ ಒತ್ತಾಗಿರಬೇಕಿಲ್ಲ, ದಪ್ಪವಾಗಿದ್ದರೆ ಸಾಕು. ಮುಳ್ಳು ಎರಡು ಮಿಲಿಮೀಟರ್ ಆದರೆ ಚರ್ಮವನ್ನು ಅದಕ್ಕಿಂತ ದೂರ ಇಟ್ಟರಾಯಿತು. ಹಾಗಾಗಿ ಮೂರು ಪದರ. ಹೊರಗೂ ಒಳಗೂ ಸಣ್ಣ ಕಣ್ಣಿನ ಬಲೆ. ನಡುವೆ ಎರಿಯ ಕಣ್ಣುಗಳನ್ನು ನೆನಪಿಸುವ, ತೂತು ತೂತಾದ ದಪ್ಪ ಜಾಲರಿ. ಹುಳು ಹೊರಬಲೆಯ ಮೇಲೆ ಕುಳಿತು ಚುಚ್ಚುತ್ತದೆ, ಮುಳ್ಳು ನಡುವಿನ ಟೊಳ್ಳಿನಲ್ಲೇ ಮುಗಿದುಹೋಗುತ್ತದೆ. ಗಾಳಿಗೆ ಮಾತ್ರ ಅಡ್ಡಿಯಿಲ್ಲ. ಸೂರ್ಯನಿಗೆ ಎದುರಾಗಿ ಹಿಡಿದರೆ ಅಂಗಿಯ ಆಚೆಯ ಬೆಳಕು ಕಾಣುತ್ತದೆ. ಮೊದಲ ಸಲ ತೊಟ್ಟವನಿಗೆ ಇದನ್ನು ನಂಬಿ ಗೂಡಿನ ಹತ್ತಿರ ಹೋಗಲು ಸ್ವಲ್ಪ ಎದೆಗಾರಿಕೆ ಬೇಕು.

ಇದರ ಮಿತಿಗಳನ್ನೂ ಹೇಳಬೇಕು. ದೂರವೇ ರಕ್ಷಣೆಯಾದ್ದರಿಂದ ದೂರ ತಪ್ಪಿದಲ್ಲಿ ರಕ್ಷಣೆಯೂ ತಪ್ಪುತ್ತದೆ. ಮಂಡಿಯೂರಿ ಕುಳಿತಾಗ ಮೊಣಕಾಲಿನಲ್ಲಿ, ತೋಳು ಮಡಿಸಿದಾಗ ಮೊಣಕೈಯಲ್ಲಿ, ಬಾಗಿದಾಗ ಭುಜದ ಮೇಲೆ ಜಾಲರಿ ಒತ್ತಿ ತೆಳುವಾಗುತ್ತದೆ. ಅಲ್ಲಿ ಕಡಿತ ತಪ್ಪಿದ್ದಲ್ಲ. ಮೈಗೆ ಅಂಟುವ ಚಿಕ್ಕ ಅಳತೆಯ ಗಾಳಿಯಂಗಿ ಹತ್ತಿಯಂಗಿಗಿಂತ ಕಡೆ. ಗಾಳಿಯೇ ಬೀಸದ ದಿನ ಅದು ಅಷ್ಟೇನೂ ತಂಪಲ್ಲ, ತೂಕ ಹತ್ತಿಯದಕ್ಕಿಂತ ಹೆಚ್ಚೇ. ಮುಳ್ಳುಕಂಟಿಗೆ ಸಿಕ್ಕಿದರೆ ಹೊರಬಲೆ ಎಳೆ ಬಿಡುತ್ತದೆ. ಕೃತಕ ನೂಲಿನ ಬಲೆಯಾದರೆ ಹೊಗೆತಿದಿಯಿಂದ ಸಿಡಿದ ಒಂದು ಕಿಡಿ ಸಾಕು, ಕರಗಿ ತೂತಾಗುತ್ತದೆ. ಆ ತೂತು ಹುಳುವಿನ ಗಾತ್ರದ್ದೇ ಆಗಿರುತ್ತದೆ ಎಂಬುದು ಸಂಕಟದ ವಿಷಯ.

ಈ ಉಡುಪಿಗೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೇಡಿಕೆ ಇರುವುದು ಸಹಜವೇ. ಅಲ್ಲಿ ಬಿಸಿಲು ಮಾತ್ರವಲ್ಲ, ಇನ್ನೊಂದು ತೊಂದರೆಯೂ ಇದೆ. ಬ್ರೆಜಿಲಿನ ವಿಜ್ಞಾನಿ ವಾರ್ವಿಕ್ ಕೆರ್ ಹೆಚ್ಚು ಜೇನು ಕೊಡುವ ತಳಿಗಾಗಿ 1956ರಲ್ಲಿ ಆಫ್ರಿಕದಿಂದ ರಾಣಿಗಳನ್ನು ತರಿಸಿದ. 1957ರಲ್ಲಿ ಅವುಗಳಲ್ಲಿ 26 ಹಿಂಡು ತಪ್ಪಿಸಿಕೊಂಡು, ಯುರೋಪಿನ ತಳಿಯೊಡನೆ ಬೆರೆತು, ಕಾಡಿನಿಂದ ಕಾಡಿಗೆ ಉತ್ತರದತ್ತ ಸಾಗಿ 1990ರ ಅಕ್ಟೋಬರಿನಲ್ಲಿ ಟೆಕ್ಸಾಸ್ ಮುಟ್ಟಿದವು. ಪತ್ರಿಕೆಗಳು ಇವಕ್ಕೆ ಕೊಲೆಗಡುಕ ಜೇನು ಎಂದು ಹೆಸರಿಟ್ಟವು. ಇವುಗಳ ವಿಷ ಬೇರೆಯವಕ್ಕಿಂತ ಹೆಚ್ಚು ತೀಕ್ಷ್ಣವೇನಲ್ಲ. ಸಣ್ಣ ಕಾರಣಕ್ಕೆ ದೊಡ್ಡ ಸಂಖ್ಯೆಯಲ್ಲಿ ಎರಗಿ, ಬಹುದೂರ ಅಟ್ಟಿಬರುವುದೇ ಅಪಾಯ. ಅಂಥ ಪೆಟ್ಟಿಗೆಯ ಮುಂದೆ ನಲವತ್ತು ಡಿಗ್ರಿ ಬಿಸಿಲಿನಲ್ಲಿ ನಿಲ್ಲುವವನು ಅಂಗಿಗೆ ಬೆಲೆ ಕಟ್ಟುವ ಬಗೆಯೇ ಬೇರೆ.

ಹೊಲಿಯುವ ಊರು

ಇಂಥ ಉಡುಪು ಒಂದಕ್ಕೆ ವಿದೇಶಿ ಅಂಗಡಿಗಳಲ್ಲಿ ನೂರು ಡಾಲರಿನ ಆಸುಪಾಸಿನಿಂದ ಇನ್ನೂರು ಚಿಲ್ಲರೆ ಡಾಲರಿನವರೆಗೆ ಬೆಲೆಯಿದೆ. ಹೆಸರು ಅಮೆರಿಕದ್ದೋ ಬ್ರಿಟನ್ನಿನದೋ ಆಸ್ಟ್ರೇಲಿಯದ್ದೋ ಇರಬಹುದು. ಕತ್ತುಪಟ್ಟಿಯ ಚೀಟಿ ತಿರುಗಿಸಿ ನೋಡಿದರೆ ಮತ್ತೆ ಮತ್ತೆ ಕಾಣುವುದು ಪಾಕಿಸ್ತಾನದ ಹೆಸರು; ಅದರಲ್ಲೂ ಪಂಜಾಬಿನ ಸಿಯಾಲ್‌ಕೋಟಿನದು.

ಜಮ್ಮುವಿಗೆ ಅತಿ ಸಮೀಪದ ಈ ಊರು ಕವಿ ಇಕ್ಬಾಲ್ 1877ರಲ್ಲಿ ಹುಟ್ಟಿದ ಊರು. ಅದರ ಲೋಕಪ್ರಸಿದ್ಧಿ ಬಂದದ್ದು ಕಾವ್ಯಕ್ಕಿಂತ ಹೆಚ್ಚಾಗಿ ಕೈಹೊಲಿಗೆಯಿಂದ. ಬ್ರಿಟಿಷರ ಕಾಲದಲ್ಲಿ ದಂಡಿನ ಸಾಹೇಬರ ಟೆನಿಸ್ ರಾಕೆಟ್ಟು, ಕ್ರಿಕೆಟ್ ಬ್ಯಾಟು ರಿಪೇರಿ ಮಾಡುತ್ತಿದ್ದ ಕುಶಲಕರ್ಮಿಗಳ ಊರು ಕ್ರಮೇಣ ಕ್ರೀಡಾಸಾಮಗ್ರಿಯ ರಾಜಧಾನಿಯೇ ಆಯಿತು. 2014ರ ವಿಶ್ವಕಪ್ಪಿನ ಬ್ರಜೂಕ ಚೆಂಡುಗಳು ಇಲ್ಲಿಂದ ಹೋದವು. ಶಸ್ತ್ರಚಿಕಿತ್ಸೆಯ ಕತ್ತರಿ ಇಕ್ಕಳಗಳು, ಚರ್ಮದ ಕೈಗವಸು, ಮೋಟಾರುಸೈಕಲ್ ಸವಾರರ ಜಾಕೆಟ್ಟು, ಕರಾಟೆಯ ಬಿಳಿಯುಡುಪು, ಎಲ್ಲ ಇಲ್ಲಿಯ ಸರಕೇ. ರಫ್ತಿನ ಅನುಕೂಲಕ್ಕಾಗಿ ಇಲ್ಲಿಯ ವ್ಯಾಪಾರಿಗಳು ತಮ್ಮದೇ ಹಣ ಕೂಡಿಸಿ ಕಟ್ಟಿಸಿಕೊಂಡ ವಿಮಾನ ನಿಲ್ದಾಣ 2007ರಲ್ಲಿ ಆರಂಭವಾಯಿತು. ಚರ್ಮದ ಗವಸು, ಗಟ್ಟಿ ಜಿಪ್ಪು, ಬಿಳಿಯ ದಪ್ಪ ಉಡುಪು, ಇವಿಷ್ಟೂ ಮೊದಲೇ ಹೊಲಿಯುತ್ತಿದ್ದ ಊರಿಗೆ ಜೇನುಗಾರನ ಸೂಟು ಹೊಸ ವಿದ್ಯೆಯೇನಲ್ಲ.

1947ರ ವಿಭಜನೆಯಲ್ಲಿ ಈ ಊರಿನ ಕಸುಬು ಎರಡಾಯಿತು. ಹಿಂದೂ, ಸಿಖ್ ಮಾಲೀಕರು ಮತ್ತು ಕುಶಲಕರ್ಮಿಗಳು ಗಡಿ ದಾಟಿ ಜಲಂಧರಕ್ಕೂ ಮೀರತ್ತಿಗೂ ಬಂದು ಮತ್ತೆ ಅಂಗಡಿ ತೆರೆದರು. ಎಸ್‌ಜಿ ಎಂಬ ಎರಡಕ್ಷರದಿಂದ ಭಾರತದ ಕ್ರಿಕೆಟ್ ಪ್ರೇಮಿಗಳೆಲ್ಲರಿಗೂ ಪರಿಚಿತವಾದ ಸಂಸ್ಥೆ 1931ರಲ್ಲಿ ಆರಂಭವಾದದ್ದು ಸಿಯಾಲ್‌ಕೋಟಿನಲ್ಲೇ. ಮೀರತ್ತಿನ ಬ್ಯಾಟೂ ಸಿಯಾಲ್‌ಕೋಟಿನ ಚೆಂಡೂ ಒಂದೇ ಬೀದಿಯ ಮಕ್ಕಳೆಂದರೆ ತಪ್ಪಾಗದು.

ಇನ್ನು ಕೊಳ್ಳುವ ಮಾತು. ತೊಟ್ಟು ನೋಡದೆ ಕೊಳ್ಳುವ ಉಡುಪಿನಲ್ಲಿ ಮೊದಲ ತೊಡಕು ಅಳತೆಯದು. ಅಮೆರಿಕದ ಎಲ್ ಒಂದು, ಯುರೋಪಿನದು ಒಂದು, ಏಷ್ಯದ್ದು ಇನ್ನೊಂದು. ಅಕ್ಷರ ನಂಬುವುದಕ್ಕಿಂತ ಎದೆ, ಎತ್ತರ, ಕತ್ತಿನಿಂದ ಕವಟೆಯವರೆಗಿನ ಉದ್ದ ಇವನ್ನು ಬಟ್ಟೆ ತೊಟ್ಟ ಮೇಲೆಯೇ ಅಳೆದು ಮಾರಾಟಗಾರನ ಪಟ್ಟಿಯೊಡನೆ ಹೋಲಿಸುವುದು ಮೇಲು. ಈ ಕೊನೆಯ ಅಳತೆಯನ್ನೇ ಜನ ಮರೆಯುವುದು. ನಿಂತಾಗ ಸರಿಯಾಗಿ ಕೂರುವ ಸೂಟು ಕುಕ್ಕರುಗಾಲಿನಲ್ಲಿ ಕುಳಿತು ಕೈ ಮೇಲೆತ್ತಿದಾಗ ಹಿಗ್ಗಲಾರದೆ ಪರದೆಯನ್ನು ಮುಖಕ್ಕೆ ಎಳೆಯುತ್ತದೆ. ಎರಡು ಅಳತೆಗಳ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ಆರಿಸುವುದು ಜಾಣತನ. ಹೊಂದದೆ ಹೋದರೆ ವಾಪಸು ಕಳಿಸುವ ಸಾಗಣೆ ವೆಚ್ಚ ಯಾರದು ಎಂಬುದನ್ನು ಹಣ ಕಟ್ಟುವ ಮೊದಲೇ ಓದಿಕೊಳ್ಳಬೇಕು. ಸಾಗರದಾಚೆಗೆ ಒಂದು ಸೂಟನ್ನು ಹಿಂದಿರುಗಿಸುವ ಖರ್ಚು ಕೆಲವೊಮ್ಮೆ ಸೂಟಿನ ಅರ್ಧ ಬೆಲೆಯನ್ನೇ ನುಂಗುತ್ತದೆ.

ಎರಡನೆಯದು ಜಿಪ್ಪು. ಜೇನುಹುಳು ಬಟ್ಟೆಯ ಮೇಲೆ ಕುಳಿತರೆ ಮೇಲಕ್ಕೇ ತೆವಳುತ್ತದೆ, ಸಂದು ಸಿಕ್ಕಿದಲ್ಲಿ ನುಗ್ಗುತ್ತದೆ. ಪಾದದ ಬಳಿಯ ಎಲಾಸ್ಟಿಕ್ಕು, ಮುಂಗೈ, ಕುಲಾವಿಯ ಜಿಪ್ಪೂ ಎದೆಯ ಜಿಪ್ಪೂ ಸೇರುವ ಗಲ್ಲದ ಕೆಳಗಿನ ಜಾಗ, ಇವು ಮೂರು ಬಾಗಿಲುಗಳು. ಆ ಸೇರುವೆಯ ಮೇಲೆ ಮುಚ್ಚುವ ವೆಲ್ಕ್ರೋ ತುಂಡೊಂದಿಲ್ಲದ ಸೂಟು ಎಷ್ಟು ಅಗ್ಗವಾದರೂ ಬೇಡ. ಮುಖಪರದೆಯನ್ನು ಬಿಚ್ಚಿ ಬೇರೆ ಮಾಡಲು ಬರಬೇಕು, ಅದೊಂದನ್ನೇ ಬಿಡಿಯಾಗಿ ಕೊಳ್ಳಲು ಸಿಗಬೇಕು, ಏಕೆಂದರೆ ಮೊದಲು ಹರಿಯುವುದು ಅದೇ. ಒಗೆಯುವಾಗ ಅದನ್ನು ಯಂತ್ರಕ್ಕೆ ಹಾಕದೆ ಕೈಯಲ್ಲೇ ಜಾಲಿಸಬೇಕು. ವಿಷ, ವಾಸನೆ, ಮೇಣ ಅಂಟಿದ ಸೂಟನ್ನು ಮನೆಮಂದಿಯ ಬಟ್ಟೆಯೊಡನೆ ಬೆರೆಸುವುದು ಸಲ್ಲ. ಯಾರೋ ಬಳಸಿ ಮಾರುವ ಸೂಟು, ಗವಸುಗಳ ಬಗ್ಗೆಯೂ ಎಚ್ಚರ ಬೇಕು; ಮರಿಹುಳುಗಳನ್ನು ಕೊಲ್ಲುವ ಫೌಲ್‌ಬ್ರೂಡ್ ರೋಗದ ಬೀಜಕಣಗಳು ದಶಕಗಳ ಕಾಲ ಸಾಯದೆ ಉಳಿಯಬಲ್ಲವು.

ಮೂರನೆಯದು ಸುಂಕ. ಅಗ್ಗವೆಂದು ತೋರುವ ವಿದೇಶಿ ಬೆಲೆ ಬಾಗಿಲಿಗೆ ಬರುವಷ್ಟರಲ್ಲಿ ಬದಲಾಗುವುದು ಇಲ್ಲಿಯೇ. ಅಮೆರಿಕದಲ್ಲಿ 2016ರಿಂದ 800 ಡಾಲರಿನೊಳಗಿನ ಪೊಟ್ಟಣಕ್ಕೆ ಸುಂಕವಿರಲಿಲ್ಲ. ಸಿಯಾಲ್‌ಕೋಟಿನ ತಯಾರಕನಿಂದ ನೇರವಾಗಿ ತರಿಸಿಕೊಳ್ಳುವುದು ಲಾಭವಾಗಿದ್ದದ್ದು ಇದರಿಂದಲೂ ಹೌದು. 2025ರ ಆಗಸ್ಟ್ 29ರಂದು ಆ ವಿನಾಯಿತಿಯನ್ನು ಎಲ್ಲ ದೇಶಗಳ ಸರಕಿಗೂ ನಿಲ್ಲಿಸಲಾಯಿತು. ಆಸ್ಟ್ರೇಲಿಯ 2018ರ ಜುಲೈಯಿಂದಲೇ ಸಣ್ಣ ಬೆಲೆಯ ವಿದೇಶಿ ಖರೀದಿಗೂ ತನ್ನ ಜಿಎಸ್‌ಟಿ ಹಾಕತೊಡಗಿತು. ಬ್ರಿಟನ್ 2021ರ ಜನವರಿಯಲ್ಲಿ 15 ಪೌಂಡಿನ ಸಣ್ಣ ವಿನಾಯಿತಿಯನ್ನೂ ತೆಗೆಯಿತು.

ಭಾರತದಲ್ಲಿ ಕುಳಿತು ಕೊಳ್ಳುವವನಿಗೆ ಸಮಸ್ಯೆ ಸುಂಕದ್ದಷ್ಟೇ ಅಲ್ಲ. ವಿದೇಶದಿಂದ ಅಂಚೆಯಲ್ಲೋ ಕೊರಿಯರಿನಲ್ಲೋ ಬರುವ ವಸ್ತುವಿಗೆ ಸೀಮಾಸುಂಕವೂ ಐಜಿಎಸ್‌ಟಿಯೂ ಬೀಳುತ್ತವೆ. ಅಮೆರಿಕದಲ್ಲಿರುವ ಮಗ ಉಡುಗೊರೆಯೆಂದು ಕಳಿಸಿದರೂ ಐದು ಸಾವಿರ ರೂಪಾಯಿವರೆಗೆ ಹಿಂದೆ ಇದ್ದ ರಿಯಾಯಿತಿಯನ್ನು 2019ರ ಡಿಸೆಂಬರಿನಲ್ಲಿ ತೆಗೆದುಹಾಕಲಾಯಿತು. ಅದೇ ವರ್ಷ ಫೆಬ್ರುವರಿಯಲ್ಲಿ ಪುಲ್ವಾಮಾ ದಾಳಿಯ ಬೆನ್ನಿಗೇ ಪಾಕಿಸ್ತಾನದ ಸರಕುಗಳ ಮೇಲೆ ಶೇಕಡ 200ರ ಸುಂಕ ವಿಧಿಸಲಾಗಿತ್ತು. ಪಹಲ್ಗಾಮ್ ದಾಳಿಯ ತರುವಾಯ 2025ರ ಮೇ 2ರಂದು ಭಾರತ ಸರ್ಕಾರ ಹೊರಡಿಸಿದ ಆದೇಶ ಪಾಕಿಸ್ತಾನದಲ್ಲಿ ತಯಾರಾದ ಯಾವುದೇ ವಸ್ತುವಿನ ಆಮದನ್ನು, ನೇರವಾಗಿರಲಿ ಬೇರೆ ದೇಶದ ಮೂಲಕವಾಗಿರಲಿ, ನಿಷೇಧಿಸಿತು. ಈ ಬೇರೆ ದೇಶದ ಮೂಲಕ ಎಂಬ ಮಾತನ್ನು ಜೇನುಗಾರ ಗಮನಿಸಬೇಕು. ಟೆಕ್ಸಾಸಿನ ಅಂಗಡಿಗೆ ಡಾಲರಿನಲ್ಲಿ ಹಣ ಕಟ್ಟಿದರೂ ಸೂಟಿನ ಕತ್ತುಪಟ್ಟಿಯಲ್ಲಿರುವ ಹೆಸರು ಸಿಯಾಲ್‌ಕೋಟಿನದಾದರೆ ಪೊಟ್ಟಣ ನಿಷಿದ್ಧ ಸರಕಾಗುತ್ತದೆ. ಅಂಗಡಿಯ ವಿಳಾಸವಲ್ಲ, ಹೊಲಿದ ದೇಶ ಯಾವುದೆಂದು ಬರೆದು ಕೇಳಿ ತಿಳಿದ ಮೇಲೆಯೇ ಹಣ ಕಟ್ಟಬೇಕು. ಒಂದು ಕಾಲಕ್ಕೆ ಒಂದೇ ಪಂಜಾಬಿನೊಳಗೆ ಎತ್ತಿನ ಗಾಡಿಯಲ್ಲಿ ಬರಬಹುದಾಗಿದ್ದ ಅಂಗಿ ಅರ್ಧ ಭೂಮಿ ಸುತ್ತಿ ಬಂದರೂ ಒಳಗೆ ಬರುವಂತಿಲ್ಲ.

ನಮ್ಮಲ್ಲಿ ಬೇಕೆ?

ಕರ್ನಾಟಕದ ಮಟ್ಟಿಗೆ ಈ ಅಂಗಿಯ ಅಗತ್ಯ ಎಷ್ಟು ಎಂಬ ಪ್ರಶ್ನೆ ಏಳುವುದು ನ್ಯಾಯವೇ. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ತೋಟಗಳಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಗಾತ್ರದಲ್ಲಿ ಚಿಕ್ಕದು, ಸ್ವಭಾವದಲ್ಲಿ ಸಾಧು. ವಿರಾಜಪೇಟೆಯಲ್ಲಿ 1930ರ ದಶಕದಲ್ಲೇ ಜೇನು ಉತ್ಪಾದಕರ ಸಹಕಾರ ಸಂಘ ಕಟ್ಟಿದ ನಾಡಿದು. ಇಲ್ಲಿಯ ಅನುಭವಿ ರೈತ ಪಂಚೆಯುಟ್ಟು, ಬರಿಗೈಯಲ್ಲಿ, ತೆಂಗಿನ ನಾರಿನ ಹೊಗೆಯೊಂದನ್ನೇ ನೆಚ್ಚಿ ಚೌಕಟ್ಟು ಎತ್ತುತ್ತಾನೆ. ಗವಸು ತೊಟ್ಟ ಕೈ ಒರಟಾಗಿ ಹುಳುಗಳನ್ನು ಅರೆಯುತ್ತದೆ, ಅರೆದ ಹುಳುವಿನ ವಾಸನೆಗೆ ಉಳಿದವು ಕೆರಳುತ್ತವೆ ಎಂಬ ಅವನ ವಾದ ಸರಿಯಾದದ್ದು. ಹೊಸಬನಿಗೆ ಮಾತ್ರ ಒಂದು ಮುಖಪರದೆಯಾದರೂ ಇರಲೇಬೇಕು. ಕಣ್ಣಿಗೆ ಬಿದ್ದ ಮುಳ್ಳು ದೃಷ್ಟಿಗೇ ಹಾನಿ ಮಾಡಬಲ್ಲದು.

1991-92ರ ಹೊತ್ತಿಗೆ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಒರೆಸಿಹಾಕಿತು. ಆಮೇಲೆ ಬಯಲುಸೀಮೆಯ ಸೂರ್ಯಕಾಂತಿ ಹೊಲಗಳ ಕಡೆ ಯುರೋಪಿನ ಮೆಲ್ಲಿಫೆರ ಜೇನಿನ ಪೆಟ್ಟಿಗೆಗಳು ಕಾಣತೊಡಗಿದವು. ಮೆಲ್ಲಿಫೆರದ ಕುಟುಂಬ ದೊಡ್ಡದು, ಪೆಟ್ಟಿಗೆ ಭಾರ, ಬಿಸಿಲೂ ಹೆಚ್ಚು. ನೂರಾರು ಪೆಟ್ಟಿಗೆಗಳನ್ನು ಹೂವಿನ ಹಿಂದೆ ಜಿಲ್ಲೆಯಿಂದ ಜಿಲ್ಲೆಗೆ ಸಾಗಿಸುವವನಿಗೆ ಗಾಳಿಯಂಗಿ ಉಪಯೋಗಕ್ಕೆ ಬಂದೀತು. ಹತ್ತು ಪೆಟ್ಟಿಗೆಯವನಿಗೆ ಇಲ್ಲೇ ಹೊಲಿದು ಮಾರುವ ಹತ್ತಿಯ ಅಂಗಿ, ಬೆಳಗಿನ ತಂಪು ಹೊತ್ತು, ಇವೆರಡು ಸಾಕು.

ಹೆಜ್ಜೇನಿನ ಮಾತು ಬೇರೆ. ಅದು ಪೆಟ್ಟಿಗೆಗೆ ಬಗ್ಗುವುದಿಲ್ಲ. ಎತ್ತರದ ಮರ, ಬಂಡೆ, ಈಗೀಗ ಬೆಂಗಳೂರಿನ ಬಹುಮಹಡಿ ಕಟ್ಟಡದ ಸಜ್ಜಾ, ಎಲ್ಲೆಂದರಲ್ಲಿ ಒಂದೇ ದೊಡ್ಡ ಎರಿ ಕಟ್ಟಿ ತೂಗುತ್ತದೆ. ಅದರ ಮುಳ್ಳು ತುಡುವೆಯದಕ್ಕಿಂತ ಉದ್ದ, ಸಿಟ್ಟು ಸಾಮೂಹಿಕ. ಮಾಮೂಲಿ ಹತ್ತಿಯಂಗಿ ಅದಕ್ಕೆ ಲೆಕ್ಕಕ್ಕಿಲ್ಲ. ನಗರದಲ್ಲಿ ಗೂಡು ಸ್ಥಳಾಂತರಿಸಲು ಹೋಗುವವರಿಗೆ ಒಳಗೊಂದು ದಪ್ಪ ಬಟ್ಟೆ ಸಮೇತ ಗಾಳಿಯಂಗಿ ನಿಜವಾಗಿ ಬೇಕು. ಕೆಲಸ ಮುಗಿಸಿ ಬರುವಾಗ ಅಂಗಿಗೆ ಅಂಟಿದ ವಾಸನೆಯ ಬೆನ್ನು ಹತ್ತಿ ಹುಳುಗಳು ನೆರೆಹೊರೆಯವರ ತನಕ ಬರುತ್ತವೆ ಎಂಬುದನ್ನು ಮರೆತರೆ, ಸೂಟಿನೊಳಗಿದ್ದವನು ಸುರಕ್ಷಿತ, ಬೀದಿಯಲ್ಲಿ ಆಡುವ ಮಗು ಅಲ್ಲ. ಸುತ್ತಲಿನ ಮನೆಗಳ ಕಿಟಕಿ ಮುಚ್ಚಿಸದೆ ಗೂಡಿಗೆ ಕೈಹಾಕಬಾರದು.

ಕಾಡಿನಲ್ಲಿ ಹೆಜ್ಜೇನು ಕೀಳುವ ಜೇನುಕುರುಬರೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಇಂಥ ಯಾವ ಉಡುಪನ್ನೂ ನೆಚ್ಚಿಕೊಂಡವರಲ್ಲ. ಮರವೇರುವವನಿಗೆ ಮೊದಲು ಬೇಕಾದದ್ದು ಬೆರಳಿನ ಹಿಡಿತ. ದಪ್ಪ ಗವಸು, ಬಾಗಿದರೆ ತೊಡರುವ ಪರದೆ, ಕೊಂಬೆಗೆ ಸಿಕ್ಕುವ ಜಾಲರಿ ಇವೆಲ್ಲ ನೂರಡಿ ಮೇಲೆ ಹುಳುವಿಗಿಂತ ಅಪಾಯಕಾರಿ. ಅವರು ಆರಿಸಿಕೊಳ್ಳುವುದು ಹಸಿ ಸೊಪ್ಪಿನ ಹೊಗೆಯನ್ನು, ಮತ್ತು ಹೊತ್ತನ್ನು. ಬೆಳದಿಂಗಳಿದ್ದರೆ ಹೆಜ್ಜೇನು ರಾತ್ರಿಯೂ ಹಾರಬಲ್ಲದು. ಕತ್ತಲಲ್ಲಿ ಅದು ಹಾರದೆ ತೆವಳುತ್ತದೆ. ಆದ್ದರಿಂದ ಅವರು ಮರದ ಬುಡಕ್ಕೆ ಹೋಗುವುದು ಚಂದ್ರನಿಲ್ಲದ ರಾತ್ರಿಗಳಲ್ಲಿ.